ನನಗ ಸೇರ್ತದ

“ಸರ್, ಯಾವ ಗಿಟಾರ್ ಛಲೋ ಅದ ರೀ?”

ಈ ಪ್ರಶ್ನೆಗೆ ಒಮ್ಮೆ ನಾನು ಥಟ್ಟನೆ ಉತ್ತರ ಕೊಟ್ಟೆ. ಅದರ ಖರ್ಚು ಬೇರೆಯವರ ಮೇಲೆ ಬಿತ್ತು. ಆ ಕಥೆಯನ್ನೇ ಇವತ್ತು ಬರೆಯಲಾಕತ್ತೀನಿ.

ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಒಂದು ಮಾಳಿಗೆ ಕೋಣೆಯಲ್ಲಿ ಸಂಜೆ ಹೊತ್ತು ನಾಲ್ಕೈದು ಹುಡುಗರಿಗೆ ಗಿಟಾರ್ ಕಲಿಸ್ತೀನಿ. ಹಗಲು ನೌಕರಿ, ಸಂಜೆ ಇದು. ಕೇಳಿದವನು ಕಮಲಾಪುರದ ಹುಡುಗ, ಡಿಗ್ರಿ ಎರಡನೇ ವರ್ಷ. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದ ಊರು. ಕೆಂಪು ಬಾಳೆಹಣ್ಣಿಗೆ ಹೆಸರಾದದ್ದು, ಆ ಹಣ್ಣಿಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ದಿನಾ ಕಾಲೇಜಿಗೆ ಬಸ್ಸಿನಲ್ಲಿ ಬರುವುದು, ವಾರಕ್ಕೆ ಎರಡು ಸಂಜೆ ನನ್ನ ಹತ್ತಿರ ಕೂತು ರಾತ್ರಿ ಬಸ್ಸಿಗೆ ಹೋಗುವುದು. ಒಂದು ವರ್ಷ ನನ್ನ ಹಳೇ ಗಿಟಾರಿನಲ್ಲೇ ಕಲಿತ. ಆ ಸಲ ಅಪ್ಪ ಬಾಳೆ ಮಾರಿದ ರೊಕ್ಕದಲ್ಲಿ ಇಪ್ಪತ್ತೆಂಟು ಸಾವಿರ ತೆಗೆದಿಟ್ಟಿದ್ದ. ಕೆಂಪು ಬಾಳೆ ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಬೇಡುತ್ತದೆ, ನೀರು-ಗೊಬ್ಬರ ಹೆಚ್ಚು ತಿನ್ನುತ್ತದೆ. ಹಂಗಾಗಿ ಆ ರೊಕ್ಕ ಎಷ್ಟು ದಿನದ ದುಡಿಮೆ ಅಂತ ನೀವೇ ಲೆಕ್ಕ ಹಾಕ್ರಿ.

ನಾನು ಎರಡನೇ ಮಾತಿಲ್ಲದೆ ಹೇಳಿದೆ: “ಅಂಟಿಸಿದ ಕುತ್ತಿಗೀದು ತಗೋ. ಸ್ಕ್ರೂ ಹಾಕಿದ್ದು ತಗೋಬ್ಯಾಡ.”

ಇದೇನು ಮಾತು ಅಂತ ಗಿಟಾರ್ ಮುಟ್ಟದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು.

ಎಲೆಕ್ಟ್ರಿಕ್ ಗಿಟಾರಿಗೆ ಒಂದು ಮೈ, ಒಂದು ಕುತ್ತಿಗೆ. ಎಡಗೈಯಿಂದ ತಂತಿ ಒತ್ತುವ ಉದ್ದನೆಯ ಭಾಗವೇ ಕುತ್ತಿಗೆ, ಅಂದರೆ ನೆಕ್. ಆರು ತಂತಿ ಸೇರಿ ಸುಮಾರು 45 ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ, ಹಗಲೂ ರಾತ್ರಿ. ಆ ಎಳೆತ ತಾಳಿಕೊಂಡು ಕುತ್ತಿಗೆ ಮೈಗೆ ಕೂತಿರಬೇಕು. ಅದಕ್ಕೆ ಮೂರು ದಾರಿ.

ಮೊದಲನೆಯದು ಬೋಲ್ಟ್-ಆನ್. ಮೈಯಲ್ಲಿ ಒಂದು ಗೂಡು ಕೊರೆದು, ಕುತ್ತಿಗೆಯನ್ನು ಅದರಲ್ಲಿ ಕೂಡಿಸಿ, ಹಿಂದಿನಿಂದ ಸಾಮಾನ್ಯವಾಗಿ ನಾಲ್ಕು ಸ್ಕ್ರೂ ಬಿಗಿಯುವುದು. ಹೆಸರಿಗೆ ಬೋಲ್ಟ್, ಹೆಚ್ಚಿನವುಗಳಲ್ಲಿ ಇರುವುದು ಕಟ್ಟಿಗೆ ಸ್ಕ್ರೂ. ಎರಡನೆಯದು ಸೆಟ್ ನೆಕ್: ಕುತ್ತಿಗೆಯ ತುದಿಯನ್ನು ಮೈಯ ಗೂಡಿಗೆ ಅಳತೆ ತಪ್ಪದಂತೆ ಕೂಡಿಸಿ ಅಂಟು ಹಾಕುವುದು. ಮೂರನೆಯದು ನೆಕ್-ಥ್ರೂ. ಇದರಲ್ಲಿ ಕೂಡಿಸುವ ಮಾತೇ ಇಲ್ಲ. ಕುತ್ತಿಗೆಯ ಕಟ್ಟಿಗೆಯೇ ಮೈಯ ನಡುವೆ ಹಾಯ್ದು ಆ ತುದಿವರೆಗೆ ಹೋಗುತ್ತದೆ, ಎಡಬಲಕ್ಕೆ ಎರಡು ರೆಕ್ಕೆ ಅಂಟಿಸಿದರೆ ಅದೇ ಮೈ.

ಪರದೇಶದ ಮಾತು ಅನ್ನಬ್ಯಾಡ್ರಿ. ನಮ್ಮ ಕಡೆ ತತ್ವಪದ ಹಾಡುವವರ ಕೈಯ ಏಕತಾರಿ ನೋಡಿರ್ತೀರಲ್ಲ. ಬುರುಡೆಯ ಈ ಕಡೆ ಹೊಕ್ಕ ಬಿದಿರಿನ ದಂಡಿ ಆ ಕಡೆ ಹೊರಗೆ ಬಂದಿರುತ್ತದೆ. ಕಡಕೋಳದ ಮಡಿವಾಳಪ್ಪನ ಪದಗಳು ಈ ಸೀಮೆಯಲ್ಲಿ ಊರಿಂದೂರಿಗೆ ಹರಿದದ್ದು ಇಂಥ ನೆಕ್-ಥ್ರೂ ವಾದ್ಯದ ಜೊತೆಗೇ. ಮಿರಜದಿಂದ ಬರುವ ತಂಬೂರಿಯಲ್ಲಿ ಸೋರೆ ಬುರುಡೆಗೆ ಕಟ್ಟಿಗೆಯ ದಂಡಿಯನ್ನು ಅಂಟಿಸಿರುತ್ತಾರೆ. ದಕ್ಷಿಣದ ಸರಸ್ವತಿ ವೀಣೆಯಲ್ಲಂತೂ ಇದೇ ಜಗಳ ಮೊದಲಿನಿಂದ ಇದೆ. ಒಂದೇ ಹಲಸಿನ ದಿಮ್ಮಿಯಿಂದ ಕೊಡ, ದಂಡಿ ಎಲ್ಲ ಕೆತ್ತಿದ ಏಕಾಂಡ ವೀಣೆ ಒಂದು, ಬೇರೆ ಬೇರೆ ಭಾಗ ಮಾಡಿ ಕೂಡಿಸಿದ ವೀಣೆ ಇನ್ನೊಂದು. ಏಕಾಂಡಕ್ಕೆ ಬೆಲೆಯೂ ಹೆಚ್ಚು, ಗೌರವವೂ ಹೆಚ್ಚು. “ನಾದ ಎಲ್ಲೂ ತಡೆಯಿಲ್ಲದೆ ಹರಿಯುತ್ತದೆ” ಎನ್ನುವುದು ಅದನ್ನು ಮೆಚ್ಚುವವರ ಮಾತು. ಗಿಟಾರಿನವರೂ ಅದನ್ನೇ ಹೇಳುತ್ತಾರೆ: ಕೂಡಿಕೆ ಇಲ್ಲದಿದ್ದರೆ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ, ಅಂಟಿಸಿದ್ದರೆ ಸ್ವಲ್ಪ ಕಡಿಮೆ, ಸ್ಕ್ರೂ ಇದ್ದರೆ ಇನ್ನೂ ಕಡಿಮೆ.

ನಾನೂ ಇದನ್ನು ನಂಬಿದ್ದೆ. ನಂಬಿದ್ದನ್ನು ಹುಡುಗನಿಗೆ ದಾಟಿಸಿದೆ. ಅವನು ಸೆಟ್ ನೆಕ್ ಗಿಟಾರ್ ತಂದ. ಕೆಂಪು ಬಣ್ಣ, ಕೆಂಪು ಬಾಳೆಯದ್ದೇ.

ಐದು ತಿಂಗಳಾಗಿರಬೇಕು. ಹುಡುಗ ಬರುವುದು ನಿಲ್ಲಿಸಿದ. ಫೋನ್ ಮಾಡಿದರೆ “ಪರೀಕ್ಷಾ ಅದ ರೀ ಸರ್” ಅಂದ. ಪರೀಕ್ಷೆ ಮುಗಿದು ವಾರವಾಗಿತ್ತು, ನನಗೂ ಗೊತ್ತಿತ್ತು. ಒಂದು ಭಾನುವಾರ ನಾನೇ ಕಮಲಾಪುರಕ್ಕೆ ಹೋದೆ.

ಗಿಟಾರ್ ಮುರಿದಿತ್ತು. ಮಹಾಗಾಂವ ಕ್ರಾಸ್ ಹತ್ತಿರ ಬಸ್ಸು ಬ್ರೇಕ್ ಹೊಡೆದಾಗ ಮೇಲೆ ಇಟ್ಟ ಚೀಲ ಬಿದ್ದಿದೆ. ತಂತಿ ಸುತ್ತುವ ತಲೆ ಭಾಗ ಕುತ್ತಿಗೆಗೆ ಕೂಡುವಲ್ಲಿ ಉದ್ದಕ್ಕೆ ಸೀಳಿ, ತಂತಿಯ ಎಳೆತಕ್ಕೆ ಮುಂದಕ್ಕೆ ಬಾಗಿ ನಿಂತಿತ್ತು. ಹುಡುಗ ಅದನ್ನು ಅಪ್ಪನ ಹಳೇ ಧೋತರದಲ್ಲಿ ಸುತ್ತಿ ಮಾಡಿನಲ್ಲಿ ಇಟ್ಟಿದ್ದ. ನನಗೆ ಹೇಳಲು ಅವನಿಗೆ ನಾಚಿಕೆ. ನಾನು ಹೇಳಿದ್ದನ್ನು ತಂದು, ನಾನು ಹೇಳಿದಂತೆ ಕಾಪಾಡಲಿಲ್ಲ ಅಂತ.

ಅಪ್ಪ ಚಾ ತರಿಸಿ, ಗಿಟಾರನ್ನು ಒಂದು ಸಲ ತಿರುಗಿಸಿ ನೋಡಿ ಕೇಳಿದರು: “ನೇಗಿಲದ ಈಸ ಮುರದ್ರ ಈಸ ಬದ್ಲಿ ಮಾಡ್ತೀವ್ರಿ ಸರ್, ನೇಗಿಲ ಒಲಿಗಿ ಹಾಕಲ್ಲ. ಇದಕ ಹಂಗ ಬರೂದಿಲ್ಲೇನ್ರಿ?”

ಬರುತ್ತದೆ. ನಾನು ಬೇಡ ಅಂದ ಬೋಲ್ಟ್-ಆನ್‌ಗೆ ಬರುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಕುತ್ತಿಗೆ ಹಾಕಿದರಾಯಿತು. ಆ ಮಾತು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ರಾತ್ರಿ ಬಸ್ಸಿನಲ್ಲಿ ಮುರಿದ ಗಿಟಾರ್ ತೊಡೆ ಮೇಲೆ ಇಟ್ಟುಕೊಂಡು ಕಲಬುರಗಿಗೆ ಬರುವಾಗ ಒಂದೇ ಯೋಚನೆ. ನಾನು ಅವನಿಗೆ ಕೊಟ್ಟದ್ದು ತಿಳುವಳಿಕೆಯೋ, ನನ್ನ ರುಚಿಯೋ? ರುಚಿ ಆಗಿದ್ದರೆ, ಆ ರುಚಿ ಎಲ್ಲಿಂದ ಬಂತು?

ಹಿಂದಕ್ಕೆ ಹೋದರೆ ಸಿಕ್ಕಿದ್ದು ಒಂದು ಅವಮಾನ. ನನ್ನ ಮೊದಲ ಗಿಟಾರ್ ಅಗ್ಗದ ಬೋಲ್ಟ್-ಆನ್. ಅದರ ಗೂಡು ಅಳತೆಗೆ ದೊಡ್ಡದಾಗಿ ಕುತ್ತಿಗೆ ಅಲುಗಾಡುತ್ತಿತ್ತು. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಎರಡು ಹಾಡಿಗೊಮ್ಮೆ ಶ್ರುತಿ ತಪ್ಪಿ, ಕೀಬೋರ್ಡಿನವನು ಮೈಕಿನಲ್ಲೇ ಚೇಷ್ಟೆ ಮಾಡಿದ್ದ. ಮುಂದೆ ಹೈದರಾಬಾದಿನಲ್ಲಿ ಒಬ್ಬ ಹಿರಿಯ ವಾದಕ “ಸ್ಕ್ರೂ ಹಾಕಿದ್ದು ಸಸ್ತಾ ಮಾಲು” ಅಂದಾಗ ನನಗೆ ದೊಡ್ಡ ಸಮಾಧಾನವಾಗಿತ್ತು. ತಪ್ಪು ನನ್ನದಲ್ಲ, ಸ್ಕ್ರೂದ್ದು ಅಂತ. ಅಂದಿನಿಂದ ಅದು ನನಗೆ ಸಿದ್ಧಾಂತ ಆಯಿತು. ನನ್ನ ಗಿಟಾರಿನ ದೋಷ ಸ್ಕ್ರೂ ಅಲ್ಲ, ಕೆಟ್ಟ ಕೆಲಸ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ.

ಹೊಳೆಯಬೇಕಿತ್ತು. ಯಾಕಂದ್ರ ಲೋಕದ ಅತಿ ಪ್ರಸಿದ್ಧ ಗಿಟಾರುಗಳು ಸ್ಕ್ರೂ ಹಾಕಿದವೇ. 1954ರ ಸ್ಟ್ರ್ಯಾಟೊಕಾಸ್ಟರ್ ಬೋಲ್ಟ್-ಆನ್. 1969ರಲ್ಲಿ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ನುಡಿಸಿದ್ದು ಅದನ್ನೇ. ಎರಿಕ್ ಕ್ಲ್ಯಾಪ್ಟನ್ ಮೂರು ಹಳೇ ಸ್ಟ್ರ್ಯಾಟುಗಳ ಭಾಗ ಕೂಡಿಸಿ ‘ಬ್ಲ್ಯಾಕಿ’ ಅನ್ನುವ ಒಂದು ಗಿಟಾರ್ ಮಾಡಿಕೊಂಡ. 2004ರ ಹರಾಜಿನಲ್ಲಿ ಅದು 9 ಲಕ್ಷ ಡಾಲರಿಗೂ ಮೇಲೆ ಹೋಯಿತು. ಬಿಚ್ಚಿ ಜೋಡಿಸಿದ ಮಾಲು!

ಇನ್ನೂ ಒಂದು ಸಂಗತಿ ನನಗೆ ಮುಖ್ಯವಾಗಿ ಕಾಣುತ್ತದೆ. ಆ ಗಿಟಾರ್ ಮಾಡಿದ ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವನು ರೇಡಿಯೊ ರಿಪೇರಿ ಅಂಗಡಿಯವನು. ರಿಪೇರಿ ಮಾಡುವವನ ಕಣ್ಣಿಗೆ ಯಾವ ವಸ್ತುವೂ ಇವತ್ತಲ್ಲ ನಾಳೆ ಕೆಡುವಂಥದ್ದೇ. ಕೆಟ್ಟಾಗ ಬಿಚ್ಚಲು ಬರಬೇಕು, ಅಷ್ಟೇ. ಅದೇ ಗಿಬ್ಸನ್ ಕಂಪನಿ 1902ರಿಂದ ಮ್ಯಾಂಡೊಲಿನ್, ಕೊರೆದ ಮೈಯ ಗಿಟಾರ್ ಮಾಡಿಕೊಂಡು ಬಂದದ್ದು. ಪಿಟೀಲಿನ ಮನೆತನದ ಕೆಲಸ ಅದು, ಕುತ್ತಿಗೆ ಅಂಟಿಸುವುದು ಅವರ ರೂಢಿ. 1952ರಲ್ಲಿ ಲೆಸ್ ಪಾಲ್ ಹೆಸರಿನ ಗಿಟಾರ್ ಮಾಡಿದಾಗಲೂ ಅಂಟಿಸಿದರು. ಒಬ್ಬನು ಕೆಡುವ ದಿನವನ್ನು ನೆನೆದು ಮಾಡಿದ, ಇನ್ನೊಬ್ಬರು ಹಿರಿಯರ ಕೈಕೆಲಸ ನೆನೆದು ಮಾಡಿದರು. ಅವರವರ ಬದುಕು ಅವರವರ ಕೂಡಿಕೆಯಲ್ಲಿದೆ. ನನ್ನ ಅವಮಾನ ನನ್ನ ಸಿದ್ಧಾಂತದಲ್ಲಿ ಇದ್ದಂತೆ.

ಮರುದಿನ ಶಹಾಬಜಾರದ ಒಬ್ಬ ಬಡಿಗೇರ ಕಾಕಾನ ಹತ್ತಿರ ಹೋದೆ. ಬಾಗಿಲು, ದೇವರ ಮಂಟಪ ಮಾಡುವವರು. ಗಿಟಾರ್ ರಿಪೇರಿ ಮಾಡುವ ನುರಿತವರು ಬೇಕಂದರೆ ಹೈದರಾಬಾದಿಗೆ ಹೋಗಬೇಕಿತ್ತು, 200 ಕಿ.ಮೀ. ಮೇಲೆ. ಕಾಕಾ ಸೀಳಿದ ಜಾಗಕ್ಕೆ ಉಗುರು ಹಾಯಿಸಿ ನೋಡಿದರು. “ಇಲ್ಲಿ ನಾರ ಅಡ್ಡ ಕಡದದ ನೋಡ್ರಿ. ಕಟ್ಟಗಿ ಬಾಗಿಸಿಲ್ಲ, ಬಾಗಿದಂಗ ಕೊರದಾರ. ಮ್ಯಾಲ ನಡುವ ಕಬ್ಬಿಣ ಹಾಕಲಾಕ ಟೊಳ್ಳು ಮಾಡ್ಯಾರ. ಮುರೀದ ಏನ್ ಮಾಡೀತು?”

ಗಿಟಾರಿನ ಪುಸ್ತಕ ಓದಿ ನಾನು ತಿಳಿದದ್ದನ್ನು ಅವರು ಉಗುರಿನಲ್ಲಿ ಓದಿದರು. ಈ ಜಾತಿಯ ಗಿಟಾರುಗಳ ತಲೆ ಹಿಂದಕ್ಕೆ ವಾಲಿರುತ್ತದೆ. ಹಳೇ ಗಿಬ್ಸನ್‌ನಲ್ಲಿ 17 ಡಿಗ್ರಿ. ಕುತ್ತಿಗೆ ಬಾಗದಂತೆ ಒಳಗೆ ಹಾಕುವ ಕಬ್ಬಿಣದ ಸರಳಿಗೆ ಅದೇ ಜಾಗದಲ್ಲಿ ಕೊರೆದಿರುತ್ತಾರೆ. ಬೆನ್ನ ಮೇಲೆ ಬಿದ್ದರೆ ಏಟು ಅಲ್ಲಿಗೇ. ಫೆಂಡರ್‌ನ ತಲೆ ಕುತ್ತಿಗೆಯ ನೇರಕ್ಕೇ ಇರುವುದರಿಂದ ಆ ಅಪಾಯ ಕಡಿಮೆ. ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು: ಮುರಿದದ್ದು ಅಂಟಿಸಿದ ಕೂಡಿಕೆ ಅಲ್ಲ, ಅದು ಗಟ್ಟಿಯಾಗೇ ಇತ್ತು. ಆದರೆ ಅದು ಅಂಟಿಸಿದ್ದು ಆದ್ದರಿಂದಲೇ ಮುರಿದ ಕುತ್ತಿಗೆಯನ್ನು ಬಿಟ್ಟು ಬೇರೆ ಹಾಕುವ ದಾರಿ ಇರಲಿಲ್ಲ.

ಕಾಕಾ ಸೀಳಿನೊಳಗೆ ಅಂಟು ಇಳಿಸಿ, ಕ್ಲ್ಯಾಂಪ್ ಬಿಗಿದು, ಎರಡು ದಿನ ಮುಟ್ಟಬೇಡಿ ಅಂದರು. ಆಗ ಅವರು ಹೇಳಿದ ಇನ್ನೊಂದು ಮಾತು: ಅವರ ಅಜ್ಜನ ಕಾಲದಲ್ಲಿ ಸರೇಸು ಹಚ್ಚುತ್ತಿದ್ದರು. ಚಕ್ಕಳ, ಎಲುಬು ಕುದಿಸಿ ಮಾಡಿದ ಅಂಟು. ಬಿಸಿ, ಹಸಿ ತಾಗಿಸಿದರೆ ಮತ್ತೆ ಬಿಡುತ್ತಿತ್ತು. ನನಗೆ ಥಟ್ಟನೆ ಪಿಟೀಲು ನೆನಪಾಯಿತು. ಪಿಟೀಲು ಮಾಡುವವರು ಇವತ್ತಿಗೂ ಅದೇ ಅಂಟು ಹಚ್ಚುವುದು ಮುಂದೆ ಯಾರೋ ಬಿಚ್ಚಬೇಕಾಗುತ್ತದೆ ಅಂತಲೇ. ಅಂಟಿಸುವುದು ಅಂದರೆ ಶಾಶ್ವತ, ಸ್ಕ್ರೂ ಅಂದರೆ ತಾತ್ಕಾಲಿಕ ಅನ್ನುವ ನನ್ನ ಲೆಕ್ಕವೂ ಹುಸಿ. ಮಾಡುವವನು ಮುಂದೆ ಬರುವ ಅಪರಿಚಿತನನ್ನು ನೆನೆದನೋ ಇಲ್ಲವೋ ಅನ್ನುವುದು ನಿಜವಾದ ಪ್ರಶ್ನೆ. ನಾನು ನೆನೆದಿರಲಿಲ್ಲ. ಬಸ್ಸು, ಮಹಾಗಾಂವ ಕ್ರಾಸ್, ನಮ್ಮ ಮೇ ತಿಂಗಳ ಬಿಸಿಲು, ಹೈದರಾಬಾದಿನ ದೂರ, ಇವು ಯಾವೂ ನನ್ನ ಸಲಹೆಯಲ್ಲಿ ಇರಲಿಲ್ಲ. ಇದ್ದದ್ದು ನಾದ ಒಂದೇ.

ಆ ನಾದವಾದರೂ ಖರೆಯೇ? ಗಿಟಾರ್ ಸಿದ್ಧವಾದ ಮೇಲೆ ಹುಡುಗನನ್ನು ಕರೆಸಿ ಪರೀಕ್ಷೆ ಮಾಡಿದೆವು. ನನ್ನದೊಂದು ಬೋಲ್ಟ್-ಆನ್ ಇದೆ, ಎರಡರಲ್ಲೂ ಹಂಬಕರ್ ಪಿಕಪ್, ಒಂದೇ ನಮೂನೆಯ ಹೊಸ ತಂತಿ, ಒಂದೇ ಆಂಪ್. ನಾನು ಗೋಡೆಗೆ ಮುಖ ಮಾಡಿ ಕೂತೆ. ಅವನು ಮನಸ್ಸಿಗೆ ಬಂದದ್ದನ್ನು ಎತ್ತಿಕೊಂಡು ಒಂದೇ ಸ್ವರವನ್ನು ಹತ್ತು ಸಲ ನುಡಿಸಿದ. ಹತ್ತರಲ್ಲಿ ಐದು ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಒಂದು ಕೋಣೆಯ ಈ ಆಟದಿಂದ ಯಾರಿಗೂ ಕೇಳಿಸುವುದಿಲ್ಲ ಅಂತ ಸಾಧಿಸಿದಂತಾಗಲಿಲ್ಲ. ಆದರೆ ನನಗಿಂತ ದೊಡ್ಡವರಿಗೂ ಹೀಗಾಗಿದೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 21 ಮಂದಿ ಪಳಗಿದ ಪಿಟೀಲು ವಾದಕರಿಗೆ ಕಣ್ಣು ಕಾಣದ ಕನ್ನಡಕ ಹಾಕಿಸಿ, ಸ್ಟ್ರಾಡಿವರಿಯೂ ಸೇರಿದ ಹಳೇ ಇಟಲಿ ಪಿಟೀಲುಗಳನ್ನೂ ಹೊಸವನ್ನೂ ಕೊಟ್ಟು ನುಡಿಸಿದರು. ಹೆಚ್ಚಿನವರಿಗೆ ಹಳೆಯದು ಯಾವುದು ಅಂತ ಗುರುತು ಸಿಗಲಿಲ್ಲ. ಹೆಚ್ಚು ಮಂದಿ ಮೆಚ್ಚಿದ್ದು ಒಂದು ಹೊಸ ಪಿಟೀಲನ್ನು. ಕಣ್ಣು, ಹೆಸರು, ಬೆಲೆ ಇವೆಲ್ಲ ಕಿವಿಯೊಳಗೆ ಕೂತು ಕೇಳುತ್ತಿರುತ್ತವೆ. ಲೆಸ್ ಪಾಲ್ 1940ರ ಸುಮಾರಿಗೆ ನಾಲ್ಕಿಂಚಿನ ಪೈನ್ ದಿಮ್ಮಿಗೆ ತಂತಿ ಬಿಗಿದು ಗಿಟಾರ್ ಮಾಡಿದಾಗ ಜನ ಒಪ್ಪಲಿಲ್ಲವಂತೆ. ಆ ದಿಮ್ಮಿಗೆ ಎರಡು ಕಡೆ ಗಿಟಾರಿನ ಆಕಾರದ ರೆಕ್ಕೆ ಹಚ್ಚಿದ ಮೇಲೆ ತಲೆದೂಗಿದರು.

ಹಂಗಾದ್ರ ರುಚಿ ಅನ್ನೋದೇ ಸುಳ್ಳೇನು? ಅಲ್ಲ. ಕಿವಿಗೆ ಸಿಗದ ವ್ಯತ್ಯಾಸ ಕೈಗೆ ಸಿಗುತ್ತದೆ. ಬೋಲ್ಟ್-ಆನ್‌ನಲ್ಲಿ ಮೇಲಿನ ಸ್ವರಗಳಿಗೆ ಹೋದಾಗ ಕೂಡಿಕೆಯ ಗಂಟು ಅಂಗೈಗೆ ತಡೆಯುತ್ತದೆ. ನೆಕ್-ಥ್ರೂದಲ್ಲಿ ಕೈ ನುಣ್ಣಗೆ ಜಾರಿ ಹೋಗುತ್ತದೆ. ಇದು ಭ್ರಮೆ ಅಲ್ಲ. ಇನ್ನು ಒಂದೇ ಕಟ್ಟಿಗೆಯ ವಾದ್ಯ ಎದೆಗೆ ಒತ್ತಿದಾಗ ಆಗುವ ಸಂತೋಷ, ಅದೂ ಸುಳ್ಳಲ್ಲ, ಅಳೆಯಲು ಬರುವುದಿಲ್ಲ ಅಷ್ಟೇ. ತಪ್ಪಾದದ್ದು ರುಚಿ ಇಟ್ಟುಕೊಂಡದ್ದರಲ್ಲಿ ಅಲ್ಲ, ಅದಕ್ಕೆ ತೀರ್ಪಿನ ಅಂಗಿ ತೊಡಿಸಿದ್ದರಲ್ಲಿ.

ಜರ್ಮನಿಯ ಕಾಂಟ್ 1790ರ ಪುಸ್ತಕದಲ್ಲಿ ಇದನ್ನೇ ಚರ್ಚೆ ಮಾಡಿದ್ದಾನೆ. ಒಂದು ಮದ್ಯ ಹಿತವಾಗಿದೆ ಅಂತ ಯಾರಾದರೂ ಅಂದರೆ, “ನನಗೆ ಹಿತವಾಗಿದೆ” ಅಂತ ಅವನನ್ನು ತಿದ್ದಬೇಕು, ಅವನೂ ಒಪ್ಪುತ್ತಾನೆ ಅನ್ನುತ್ತಾನೆ. ನಮ್ಮ ಕಡೆಯವರನ್ನು ಹಂಗ ತಿದ್ದುವ ಅಗತ್ಯವೇ ಇಲ್ಲ. ನಾವು ಹೇಳುವುದೇ “ನನಗ ಸೇರ್ತದ”, “ನನಗ ಸೇರಂಗಿಲ್ಲ” ಅಂತ. ಬದನೆಕಾಯಿ ಕೆಟ್ಟದ್ದು ಅಂತ ಯಾರೂ ಅನ್ನುವುದಿಲ್ಲ, ನನಗ ಸೇರಂಗಿಲ್ಲ ಅಂತಾರ. ನೋಡ್ರಿ, ಕಟ್ಟಿಗೆಗೆ ಕಟ್ಟಿಗೆ ಸೇರುವುದಕ್ಕೂ ಮನುಷ್ಯನಿಗೆ ರುಚಿ ಸೇರುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಎರಡಕ್ಕೂ ಎರಡು ಕಡೆ ಬೇಕು. ಆ ಗಿಟಾರ್ ಛಲೋದು ಅನ್ನುವಾಗ ಒಂದೇ ಕಡೆ ಉಳಿಯುತ್ತದೆ. ನನಗ ಸೇರ್ತದ ಅಂದಾಗ ನಾನೂ ಮಾತಿನೊಳಗೆ ಬರುತ್ತೇನೆ, ಕೇಳುವವನು “ಯಾಕ ಸೇರ್ತದ?” ಅಂತ ಕೇಳಬಹುದು, ನನ್ನ ಕಾರಣ ಅವನಿಗೆ ಹೊಂದದಿದ್ದರೆ ಬಿಡಬಹುದು.

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಅಂತ ಗಾದೆ. ಸಲಹೆ ಯಾರ ಇಚ್ಛೆ? ಕಲಿಸುವವನ ಬಾಯಿಂದ ಬಂದ ಮಾತಿಗೆ ಅವನಿಗೇ ಗೊತ್ತಿಲ್ಲದ ಭಾರ ಇರುತ್ತದೆ. ಗೆಳೆಯರು ನನ್ನ ಮಾತು ಕೇಳಿ ನಕ್ಕು ಬಿಡುತ್ತಾರೆ. ಶಿಷ್ಯ ಅಪ್ಪನ ಬಾಳೆ ರೊಕ್ಕ ತೆಗೆಯುತ್ತಾನೆ. ಅದಕ್ಕೇ ಶಿಷ್ಯನ ಮುಂದೆ ನನ್ನ ರುಚಿಯನ್ನು ಅದರ ಊರು, ಹುಟ್ಟು, ಗಾಯದ ಸಮೇತ ಇಡಬೇಕಿತ್ತು. “ನನಗ ಇದು ಸೇರ್ತದ, ಯಾಕಂದ್ರ ಒಮ್ಮೆ ನನಗ ಹಿಂಗಾಗಿತ್ತು. ನೀ ಬಸ್ಸಿನ್ಯಾಗ ಬರಾಂವ, ವಿಚಾರ ಮಾಡು” ಅಂದಿದ್ದರೆ ಸಾಕಿತ್ತು.

ಪರೀಕ್ಷೆ ಮುಗಿದ ಸಂಜೆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ತಪ್ಪಾತು ಅಂದೆ. ನಿನಗ ಬೋಲ್ಟ್-ಆನೇ ಸರಿ ಇತ್ತು, ಬೇಕಾದರೆ ನನ್ನದು ತಗೋ, ಇದನ್ನು ನಾನು ಇಟ್ಟುಕೊಳ್ತೀನಿ ಅಂದೆ.

ಅವನು ನಕ್ಕ. “ಮತ್ತ ಅದೇ ಮಾಡ್ಲಾಕತ್ತೀರಿ ನೋಡ್ರಿ ಸರ್.”

ಹೌದಲ್ಲ! ಮೊದಲು ಅಂಟೇ ಛಲೋ ಅಂದೆ, ಈಗ ಸ್ಕ್ರೂನೇ ಛಲೋ ಅನ್ನುತ್ತಿದ್ದೆ. ನಡುವೆ ಅವನನ್ನು ಕೇಳಿರಲೇ ಇಲ್ಲ.

ಅವನು ಬೆರಳಿನಿಂದ ಆ ಗಾಯದ ಗೆರೆ ಸವರಿದ. ಕಾಕಾ ಎಷ್ಟು ನಯ ಮಾಡಿದ್ದರೂ ಹೆಬ್ಬೆರಳಿಗೆ ಅದು ಹತ್ತುತ್ತದೆ. “ನನಗ ಇದೇ ಸೇರ್ತದ ರೀ. ಕೈಗೆ ಕುಂತದ. ಒಂದು ಗಟ್ಟಿ ಪೆಟ್ಟಿಗಿ ಮಾಡಿಸ್ಕೋತೀನಿ.” ಪೆಟ್ಟಿಗೆಯ ರೊಕ್ಕ ನಾನು ಕೊಟ್ಟೆ. ಕಾಕಾನೇ ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟರು, ಒಳಗೆ ಹಳೇ ಕೌದಿಯ ಮೆತ್ತೆ. ಅಪ್ಪನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. “ಕೂಡೇತಲ್ರಿ, ಆತು ಬಿಡ್ರಿ” ಅಂದರು.

ಮೊನ್ನೆ ಹೊಸದಾಗಿ ಸೇರಿದ ಹುಡುಗಿ ಅದೇ ಪ್ರಶ್ನೆ ಕೇಳಿದಳು, ಯಾವ ಗಿಟಾರ್ ಛಲೋ ಸರ್ ಅಂತ. ನಾನು ಬಾಯಿ ತೆರೆಯುವ ಮೊದಲೇ ಕಮಲಾಪುರದವನು ಮೂಲೆಯಿಂದ ಅಂದ: “ನೀ ಮನಿಗಿ ಹ್ಯಾಂಗ ಹೋಗ್ತಿ ಮೊದಲ ಅದನ್ ಹೇಳವಾ. ಬಸ್ಸೋ, ಸ್ಕೂಟಿಯೋ?”